ಹೊಳೆ ಏರಿದಾಗ ಹೆಗಲು ಕೊಡುವವರು: ತುಂಗಭದ್ರೆಯ ಎಡದಂಡೆಯಲ್ಲೊಂದು ನಡಿಗೆ

ಮುನಿರಾಬಾದಿನ ಕಡೆ ನಿಂತು ತುಂಗಭದ್ರಾ ಅಣೆಕಟ್ಟೆಯ ಗೇಟುಗಳನ್ನು ಎಣಿಸಿದರೆ ಲೆಕ್ಕ 33ಕ್ಕೆ ನಿಲ್ಲುತ್ತದೆ. ಈಗ ಇಲ್ಲಿಗೆ ಬರುವವರು ಮೊದಲು ಕೇಳುವುದು ಹತ್ತೊಂಬತ್ತನೆಯದು ಯಾವುದು ಎಂದು. 2024ರ ಆಗಸ್ಟ್ 10ರ ರಾತ್ರಿ ಅದರ ಚೈನ್ ತುಂಡಾಗಿ ಗೇಟೇ ನೀರಿನೊಂದಿಗೆ ಹೋಯಿತು. ಜಲಾಶಯ ಆಗ ತುಂಬಿತ್ತು. ಆ ಒಂದೇ ಕಂಡಿಯಿಂದ ಸುಮಾರು 35 ಸಾವಿರ ಕ್ಯೂಸೆಕ್ ನೀರು ನುಗ್ಗಿತು. ಒತ್ತಡ ತಗ್ಗಿಸಲು ಉಳಿದ ಗೇಟುಗಳನ್ನೂ ಎತ್ತಬೇಕಾಯಿತು. ಗೇಟು ತಜ್ಞ ಕನ್ನಯ್ಯ ನಾಯ್ಡು ಅವರ ಮಾರ್ಗದರ್ಶನದಲ್ಲಿ, ಹರಿಯುವ ನೀರಿನಲ್ಲೇ ಸ್ಟಾಪ್‌ಲಾಗ್ ಎಂಬ ತಡೆಹಲಗೆಗಳನ್ನು ಇಳಿಸಿ ವಾರದಲ್ಲಿ ಕಂಡಿ ಮುಚ್ಚಿದರು. ಆ ವಾರ ಹೊಳೆಸಾಲಿನ ಊರುಗಳಲ್ಲಿ ಕಣ್ತುಂಬ ನಿದ್ದೆ ಮಾಡಿದವರು ಕಡಿಮೆ.

‘ಒಂದು ಲಕ್ಷ ಕ್ಯೂಸೆಕ್ ಬಿಡುಗಡೆ’ ಎಂದು ಟಿ.ವಿ.ಯಲ್ಲಿ ಓಡುವ ಸಾಲು ದೂರದವರಿಗೆ ಬರೀ ಅಂಕಿ. ಒಂದು ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿ, ಸುಮಾರು 28 ಲೀಟರ್ ನೀರು. ಲಕ್ಷ ಕ್ಯೂಸೆಕ್ ಒಂದು ಹಗಲು ಒಂದು ರಾತ್ರಿ ಹರಿದರೆ 8.64 ಟಿಎಂಸಿ ಆಗುತ್ತದೆ. ಈ ಜಲಾಶಯದ ಸಾಮರ್ಥ್ಯವನ್ನು ಈಗ 105.788 ಟಿಎಂಸಿ ಎಂದು ಲೆಕ್ಕ ಹಾಕುತ್ತಾರೆ. ಕಟ್ಟಿದಾಗ 133 ಇತ್ತು, ಮಿಕ್ಕ ಜಾಗವನ್ನು ಹೂಳು ತಿಂದಿದೆ. ಹೂಳು ಏರಿದಷ್ಟೂ ಜಲಾಶಯ ಬೇಗ ತುಂಬುತ್ತದೆ, ಗೇಟನ್ನೂ ಬೇಗ ಎತ್ತಬೇಕಾಗುತ್ತದೆ. ಮಲೆನಾಡಿನಲ್ಲಿ ಸುರಿದ ಮಳೆಗೆ ಗಂಗಾವತಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಜನ ಹೊರಸು, ಚೀಲ, ಕುರಿಮರಿ ಎತ್ತಿಕೊಂಡು ಎತ್ತರಕ್ಕೆ ಹೋಗಬೇಕಾಗುವುದು ಹೀಗೆ. ಮೇಲೆ ಆಕಾಶ ಶುಭ್ರವಾಗಿರುವಾಗಲೇ ಹೊಳೆ ಏರುತ್ತದೆ. ಹೊರಗಿನಿಂದ ಬಂದವರು ಮೋಸಹೋಗುವುದು ಇದಕ್ಕೇ.

ಸುಗ್ಗಿಯ ಹೊತ್ತಿನಲ್ಲಿ, ಹೊಳೆ ಇಳಿದು ಬಂಡೆಗಳು ಕಾಣುವಾಗ, ನಾನು ಈ ಎಡದಂಡೆಯನ್ನು ಆದಷ್ಟು ನಡೆದೇ ನೋಡಬೇಕೆಂದು ಹೊರಟೆ. ನೀರಿಲ್ಲದಾಗ ನೋಡಿದರೇ ನೀರು ಎಲ್ಲಿಯವರೆಗೆ ಬರುತ್ತದೆ ಎಂಬುದು ತಿಳಿಯುತ್ತದೆ. ಗೋಡೆಯ ಮೇಲಿನ ಕೆಸರಿನ ಗೆರೆ, ಜಾಲಿಗಿಡದ ನೆತ್ತಿಯಲ್ಲಿ ಸಿಕ್ಕಿಕೊಂಡ ಹುಲ್ಲು ಮತ್ತು ಪ್ಲಾಸ್ಟಿಕ್ಕು, ದಂಡೆಯ ಕಲ್ಲಿನ ಬಣ್ಣ ಇವೆಲ್ಲ ಅದನ್ನು ಹೇಳುತ್ತವೆ. ಈ ದಾರಿಯಲ್ಲಿ ನೆರೆ ಬಂದಾಗ ನೆರೆಮನೆಯವರಿಗೆ ಯಾರು ಆಗುತ್ತಾರೆ, ಆಗಲು ಏನು ಬೇಕು ಎಂಬುದು ನನ್ನ ಪ್ರಶ್ನೆಯಾಗಿತ್ತು. ಅದು ನನಗೆ ಮೈಮೇಲೆ ಬಂದ ಪ್ರಶ್ನೆ. ಯಾಕೆಂದು ಮುಂದೆ ಹೇಳುತ್ತೇನೆ.

ಅಣೆಕಟ್ಟೆಯ ಕೆಳಗೆ ಮೊದಲು ಸಿಗುವುದು ಹುಲಿಗಿ. ಮಂಗಳವಾರ, ಶುಕ್ರವಾರ, ಹುಣ್ಣಿಮೆಗಳಲ್ಲಿ ಹುಲಿಗೆಮ್ಮನ ಗುಡಿಗೆ ಜನ ಸೇರುವುದನ್ನು ನೋಡಬೇಕು. ಹೊಳೆಯಲ್ಲಿ ಮಿಂದೇ ಗುಡಿಗೆ ಹೋಗುವುದು ವಾಡಿಕೆ. ಗೇಟು ಎತ್ತಿದರೆ ಮೊದಲು ಮುಳುಗುವುದು ಈ ಸ್ನಾನಘಟ್ಟದ ಮೆಟ್ಟಿಲುಗಳು. ಮೈಕಿನಲ್ಲಿ ಸಾರುತ್ತಾರೆ, ಪೊಲೀಸರು ಹಗ್ಗ ಕಟ್ಟುತ್ತಾರೆ. ಆದರೂ ಹರಕೆ ಹೊತ್ತು ದೂರದಿಂದ ಬಂದವರಿಗೆ ಒಂದು ಮುಳುಗು ಹಾಕದೆ ಹೋಗಲು ಮನಸ್ಸಾಗುವುದಿಲ್ಲ. ಅಂಥವರನ್ನು ತಡೆಯುವುದು ಹಗ್ಗಕ್ಕಿಂತ ಹೆಚ್ಚಾಗಿ ದಂಡೆಯ ಅಂಗಡಿಯವರು. ಬಳೆ, ಅರಿಶಿನ-ಕುಂಕುಮ, ಕಾಯಿ ಮಾರುವ ಹೆಂಗಸರು ‘ಯಕ್ಕಾ, ಕೆಳಗ ಇಳೀಬ್ಯಾಡ, ಹೊಳಿ ಸೆಳೀತೈತಿ’ ಎಂದು ಕೂಗಿ, ಕೊಡದಲ್ಲಿ ನೀರು ತಂದು ತಲೆಯ ಮೇಲೆ ಹೊಯ್ಯುತ್ತಾರೆ. ಹರಕೆಯೂ ತೀರುತ್ತದೆ, ಜೀವವೂ ಉಳಿಯುತ್ತದೆ.

ಹುಲಿಗಿಯಿಂದ ಶಿವಪುರ, ಬಂಡಿಹರ್ಲಾಪುರದ ಕಡೆಗೆ ನಡೆದರೆ ರಸ್ತೆಯ ಅರ್ಧ ಭಾಗದಲ್ಲಿ ಭತ್ತ ಹರವಿರುತ್ತಾರೆ. ಗದ್ದೆಯಲ್ಲಿ ಕೊಯ್ಲಿನ ಯಂತ್ರ, ರಸ್ತೆಯಲ್ಲಿ ರಾಶಿ, ಪಕ್ಕದಲ್ಲಿ ಕಾಲುವೆ. ಈ ಸೀಮೆಯ ಕಾಲುವೆಗಳಲ್ಲಿ ಕೆಲವು ವಿಜಯನಗರದ ಕಾಲದವು. ಶಿವಪುರ ಕಾಲುವೆ, ಆನೆಗೊಂದಿ ಕಾಲುವೆ ಇಂದಿಗೂ ನೀರುಣಿಸುತ್ತವೆ. ಅವುಗಳ ಮೇಲೆ 1953ರ ನಂತರ ಎಡದಂಡೆ ನಾಲೆ ಬಂತು, ಗಂಗಾವತಿ ಭತ್ತದ ಕಣಜವಾಯಿತು. ನಮ್ಮ ಅಜ್ಜನ ಕಾಲಕ್ಕೆ ಹಬ್ಬದಲ್ಲಿ ಮಾತ್ರ ಬೇಯುತ್ತಿದ್ದ ಅನ್ನ ನಮ್ಮ ಕಾಲಕ್ಕೆ ಮೂರು ಹೊತ್ತಿನದಾಯಿತು. ಬೆಳಿಗ್ಗೆ ಒಗ್ಗರಣೆ ಅನ್ನ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಮತ್ತೆ ಅನ್ನ-ಮಜ್ಜಿಗೆ, ನಡುವೆ ಮಿರ್ಚಿ-ಮಂಡಕ್ಕಿ. ಗದ್ದೆಯಲ್ಲಿ ಬೆವರು ಸುರಿಸುವವರಿಗೆ ಅದು ದಕ್ಕಿತು. ಕುರ್ಚಿಯ ಮೇಲೆ ಕೂತು ಕೆಲಸ ಮಾಡುವ ನನ್ನಂಥವರ ಮೈಗೆ ಹತ್ತಿತು. ನನ್ನೊಬ್ಬನ ಕಥೆಯೂ ಅಲ್ಲ ಇದು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ ಹೆಂಗಸರಲ್ಲಿ ಶೇ 24, ಗಂಡಸರಲ್ಲಿ ಸುಮಾರು ಶೇ 23 ಮಂದಿ ಅಧಿಕ ತೂಕದವರು.

ಇಲ್ಲಿ ಭತ್ತ ಮಾರುವುದು 75 ಕಿಲೋ ಚೀಲದ ಲೆಕ್ಕದಲ್ಲಿ. ನನ್ನ ಮೈಯಿಂದ ನಿಧಾನವಾಗಿ ಇಳಿದದ್ದು ಹೆಚ್ಚೂಕಡಿಮೆ ಅಂಥ ಅರ್ಧ ಚೀಲ. ಬೆಳಗಾಗುವ ಮುಂಚೆ ಕಾಲುವೆಯ ಏರಿಯ ಮೇಲೆ ನಡಿಗೆ, ಎರಡು ಹೊತ್ತು ಜೋಳದ ರೊಟ್ಟಿ, ಹೆಸರುಕಾಳು, ಮಡಿಕೆಕಾಳಿನ ಪಲ್ಯ, ಒಮ್ಮೊಮ್ಮೆ ನವಣೆ ಅನ್ನ, ಇಷ್ಟೇ ಮಾಡಿದ್ದು. ಬರೀ ಉಪವಾಸ ಬಿದ್ದು ತೂಕ ಇಳಿಸಿದರೆ ಕೊಬ್ಬಿನ ಜೊತೆ ಮಾಂಸಖಂಡವೂ ಕರಗುತ್ತದೆ, ಎತ್ತುವ ಶಕ್ತಿ ಹೋಗುತ್ತದೆ ಎಂದು ವೈದ್ಯರು ಮೊದಲೇ ಎಚ್ಚರಿಸಿದ್ದರು. ಅದಕ್ಕೆ ಕಾಳು ಬಿಡಲಿಲ್ಲ, ನೀರಿನ ಕೊಡ ಹೊರುವುದನ್ನು ಬಿಡಲಿಲ್ಲ. ‘ಯಾಕ್ರೀ ಸರ, ಇಷ್ಟು ಸೊರಗೀರಿ, ಶುಗರ್ ಬಂತೇನ?’ ಎಂದು ಕೇಳದವರಿಲ್ಲ. ಮಂಡಿಗೆ ಮಾತ್ರ ನಿಜ ಗೊತ್ತಿತ್ತು. ಮೈಯಲ್ಲಿ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ಸುಮಾರು ನಾಲ್ಕು ಕಿಲೋದಷ್ಟು ತಗ್ಗುತ್ತದೆ ಎಂದು ಮಂಡಿನೋವಿನ ರೋಗಿಗಳ ಮೇಲೆ ನಡೆದ ಅಧ್ಯಯನ ಹೇಳುತ್ತದೆ. ನನ್ನ ಅನುಭವವೂ ಅದೇ.

ಇದನ್ನೆಲ್ಲ ನೆರೆಯ ಲೇಖನದಲ್ಲಿ ಯಾಕೆ ಹೇಳುತ್ತಿದ್ದೇನೆ ಎಂದರೆ, ಎರಡು ಮಳೆಗಾಲಗಳು ನನ್ನಲ್ಲಿ ಅಕ್ಕಪಕ್ಕ ನಿಂತಿವೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರ. ಬಂಗಾಳಕೊಲ್ಲಿಯ ವಾಯುಭಾರ ಕುಸಿತದಿಂದ ಬಯಲುಸೀಮೆಯ ಮೇಲೆ ಹಿಂದೆಂದೂ ಕಾಣದ ಮಳೆ ಸುರಿಯಿತು. ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಸತ್ತರು. ಕೆಳಗೆ ಮಂತ್ರಾಲಯ, ಕರ್ನೂಲು ಮುಳುಗಿದವು. ಮಣ್ಣಿನ ಮಾಳಿಗೆ ಮನೆಗಳು ನೀರು ಕುಡಿದು ಕುಡಿದು ಕೂತಲ್ಲೇ ಕುಸಿದವು. ಹೊಳೆಸಾಲಿನಲ್ಲಿದ್ದ ನಮ್ಮ ಸೋದರಮಾವನ ಓಣಿಯಲ್ಲಿ ಮನೆ ಖಾಲಿ ಮಾಡುವಾಗ ನಾನೂ ಹೋಗಿದ್ದೆ. ಆಗ ನಾನು ಆ ಅರ್ಧ ಚೀಲವನ್ನು ಮೈಮೇಲೆ ಹೊತ್ತಿದ್ದವನು. ಕೆಸರಿನ ಇಳಿಜಾರಿನಲ್ಲಿ ನಾಲ್ಕು ಹೆಜ್ಜೆಗೆ ಏದುಸಿರು. ಪಕ್ಕದ ಮನೆಯ ಹುಡುಗ ಸಿಟ್ಟಿಲ್ಲದೆ, ಗೌರವದಿಂದಲೇ ಹೇಳಿದ: ‘ಮಾಮಾರ, ನೀವು ಇಲ್ಲೇ ರೋಡಿನ್ಯಾಗ ನಿಂದರ್ರಿ. ನೀವು ಬಿದ್ರ ನಿಮ್ಮನ್ನ ಎತ್ತಾಕ ಮತ್ತ ನಾಕು ಮಂದಿ ಬೇಕಾಗ್ತಾರ.’ ಅವನು ಹೇಳಿದ್ದು ಸರಿ ಇತ್ತು. ನಾನು ಬ್ಯಾಟರಿ ಹಿಡಿದು ನಿಂತೆ.

2019ರ ಆಗಸ್ಟಿನಲ್ಲಿ ಮತ್ತೆ ಅದೇ ಓಣಿ. ಈ ಸಲ ಹೊಳೆಯೇ ಏರಿ ಬರುತ್ತಿತ್ತು. ಡಂಗುರದವನು ಸಾರಿ ಹೋದ ಮೇಲೆ ನಮಗಿದ್ದದ್ದು ಕೆಲವೇ ಗಂಟೆ. ಪಡಸಾಲೆಯ ಚೀಲಗಳನ್ನು ಇಬ್ಬಿಬ್ಬರಾಗಿ ಎತ್ತಿ ಟ್ರ್ಯಾಕ್ಟರಿಗೆ ಹಾಕಿದೆವು. ನಡೆಯಲಾಗದ ಅಜ್ಜಿಯೊಬ್ಬರನ್ನು ಹೊರಸಿನ ಸಮೇತ ನಾಲ್ವರು ಹೊತ್ತೆವು. ಬಲಗಡೆಯ ಹಿಂದಿನ ಕಾಲು ನನ್ನ ಹೆಗಲ ಮೇಲಿತ್ತು. ಅಜ್ಜಿ ದಾರಿಯುದ್ದಕ್ಕೂ ‘ನನ್ನ ಟ್ರಂಕು ತಂದೀರೇನ್ರೋ’ ಎಂದು ಕೇಳುತ್ತಲೇ ಇದ್ದರು. ಮತ್ತೆ ಹೋಗಿ ಟ್ರಂಕನ್ನೂ ತಂದೆವು, ಆಮೇಲೆ ಎರಡು ಆಡು. ಯಾರೂ ನನಗೆ ರೋಡಿನಲ್ಲಿ ನಿಲ್ಲು ಎನ್ನಲಿಲ್ಲ. ತೂಕ ಇಳಿಸಿದ್ದರಿಂದ ಸಕ್ಕರೆ ಹತೋಟಿಗೆ ಬಂತು, ಅಂಗಿಯ ಅಳತೆ ಬದಲಾಯಿತು. ಆದರೆ ನನ್ನ ಮಟ್ಟಿಗೆ ಅದರ ದೊಡ್ಡ ಲಾಭ ದಕ್ಕಿದ್ದು ಆ ರಾತ್ರಿ, ಬೇರೆಯವರಿಗೆ.

ದಾರಿ ಸಾಣಾಪುರಕ್ಕೆ ಬರುವಾಗ ಗುಡ್ಡಗಳು ಎದುರಾಗುತ್ತವೆ. ದುಂಡಗಿನ ಬಂಡೆಗಳ ರಾಶಿ, ಕೆರೆ, ಬಾಳೆತೋಟ. ಅಲ್ಲಿಂದ ಮುಂದೆ ವಿರುಪಾಪುರ ಗಡ್ಡೆ. ಆಚೆ ದಂಡೆಯಲ್ಲಿ ಹಂಪಿಯ ವಿರೂಪಾಕ್ಷ ಗೋಪುರ ಕಾಣುತ್ತದೆ. ಈ ಜಾಗವನ್ನು ನಿಂತು ನೋಡಬೇಕು. ಬೇಸಿಗೆಯಲ್ಲಿ ಬಂದವರಿಗೆ ಇದು ದಂಡೆಯಂತೆಯೇ ತೋರುತ್ತದೆ. ಆದರೆ ಹೊಳೆ ಇಲ್ಲಿ ಎರಡು ಕವಲಾಗಿ ಹರಿಯುತ್ತದೆ. ಹಂಪಿಯ ಕಡೆಯದು ದೊಡ್ಡ ಹರಿವು. ನಮ್ಮ ಕಡೆಯ ಕವಲಿನಲ್ಲಿ ನೀರು ಕಡಿಮೆ ಇರುವಾಗ ಬರೀ ಕಲ್ಲು ಕಾಣುತ್ತದೆ. ಅಣೆಕಟ್ಟೆಯಿಂದ ನೀರು ಹೆಚ್ಚಿದಾಗ ಈ ಕವಲೂ ತುಂಬಿ, ಗಡ್ಡೆ ನಡುಗಡ್ಡೆಯಾಗುತ್ತದೆ. ಒಳಗಿದ್ದವರು ಒಳಗೇ ಉಳಿಯುತ್ತಾರೆ.

2019ರ ಆಗಸ್ಟಿನಲ್ಲಿ ಆದದ್ದು ಇದೇ. ಬಿಡುಗಡೆ ಒಂದೂವರೆ ಲಕ್ಷ ಕ್ಯೂಸೆಕ್ ಮೀರಿತ್ತು. ಗಡ್ಡೆಯ ರೆಸಾರ್ಟುಗಳಲ್ಲಿ ವಿದೇಶಿಯರೂ ಸೇರಿ ನೂರಾರು ಪ್ರವಾಸಿಗರು ಸಿಕ್ಕಿಬಿದ್ದರು. ಅವರನ್ನು ಕರೆತರಲು ಹೋದ ರಕ್ಷಣಾ ದೋಣಿಯೊಂದು ಆಗಸ್ಟ್ 12ರಂದು ಸುಳಿಗೆ ಸಿಕ್ಕಿ ಮಗುಚಿತು. ಅದರಲ್ಲಿದ್ದ ಐವರು ರಕ್ಷಣಾ ಸಿಬ್ಬಂದಿ ಕೊಚ್ಚಿಹೋದರು. ಹೆಲಿಕಾಪ್ಟರ್ ಬಂದು ಐವರನ್ನೂ ಮೇಲೆತ್ತಿತು. ಪ್ರವಾಸಿಗರೂ ಹಂತಹಂತವಾಗಿ ಹೊರಬಂದರು. ತರಬೇತಿ ಪಡೆದವರನ್ನೂ, ಲೈಫ್‌ಜಾಕೆಟ್ ತೊಟ್ಟವರನ್ನೂ ಈ ಹೊಳೆ ಎತ್ತಿ ಒಗೆಯಬಲ್ಲದು ಎಂಬುದನ್ನು ಆ ದಿನ ಎಲ್ಲರೂ ಕಂಡರು. ಮರುವರ್ಷ ಫೆಬ್ರುವರಿಯಲ್ಲಿ ಸುಪ್ರೀಂ ಕೋರ್ಟ್ ಗಡ್ಡೆಯ ರೆಸಾರ್ಟುಗಳ ತೆರವನ್ನು ಎತ್ತಿಹಿಡಿಯಿತು. 2020ರ ಮಾರ್ಚಿನಲ್ಲಿ ಕಟ್ಟಡಗಳನ್ನು ಕೆಡವಿದರು. ಕೋರ್ಟಿನ ಮುಂದಿದ್ದದ್ದು ಹಂಪಿಯ ಪಾರಂಪರಿಕ ಪ್ರದೇಶದ ಪ್ರಶ್ನೆ. ನನ್ನ ದೃಷ್ಟಿಯಲ್ಲಿ ಹೊಳೆಯ ಕಾರಣವೊಂದೇ ಸಾಕಿತ್ತು. ಹಾಗೆಂದು ಆ ರೆಸಾರ್ಟುಗಳಲ್ಲಿ ಅಡುಗೆ ಮಾಡಿ, ಬಟ್ಟೆ ಒಗೆದು, ಆಟೊ ಓಡಿಸಿ ಬದುಕುತ್ತಿದ್ದ ಅಕ್ಕಪಕ್ಕದ ಊರವರ ಅನ್ನ ಹೋದದ್ದು ಸಣ್ಣ ಮಾತಲ್ಲ. ಅವರಿಗೆ ಬೇರೆ ದಾರಿ ತೋರಿಸಿಯೇ ತೆರವು ಮಾಡಬೇಕಿತ್ತು.

ಗಡ್ಡೆಯಿಂದ ಆನೆಗೊಂದಿಯ ಕಡೆಗೆ ಹೋಗುವಾಗ ಅಂಜನಾದ್ರಿ. 575 ಮೆಟ್ಟಿಲು. ಹಿಂದೆಲ್ಲ ಬುಡದಲ್ಲೇ ಕೈಮುಗಿದು ಹಿಂದಿರುಗುತ್ತಿದ್ದವನು ಈಗ ಹತ್ತುತ್ತೇನೆ. ನೆತ್ತಿಯ ಮೇಲೆ ಹನುಮಪ್ಪನ ದರ್ಶನ ಆದ ಮೇಲೆ ಬಂಡೆಯ ಅಂಚಿಗೆ ಬಂದು ನೋಡಿದರೆ ಇಡೀ ನಕ್ಷೆ ಕಾಲ ಕೆಳಗಿರುತ್ತದೆ. ಭತ್ತದ ಗದ್ದೆ ಮುಗಿದು ಬಾಳೆ, ಬಾಳೆ ಮುಗಿದು ಹೊಳೆ, ಹೊಳೆಯ ಬೆನ್ನಿಗೆ ಬಂಡೆ. ಇಕ್ಕೆಲದಲ್ಲೂ ಗುಡ್ಡಗಳಿರುವುದರಿಂದ ನೀರು ಹರಡಿಕೊಳ್ಳಲು ಜಾಗವಿಲ್ಲ. ಏರಿದರೆ ಮೇಲಕ್ಕೇ ಏರಬೇಕು, ವೇಗವಾಗಿಯೇ ಹೋಗಬೇಕು. ವಿಜಯನಗರದವರು ಈ ಹೊಳೆಯನ್ನು ಕೋಟೆಯಾಗಿ ನಂಬಿದ್ದು ಸುಮ್ಮನಲ್ಲ. ಈ ಸೀಮೆಯ ಶಾಲೆಯ ಮಕ್ಕಳನ್ನು ವರ್ಷಕ್ಕೊಮ್ಮೆ ಮಳೆಗಾಲಕ್ಕೆ ಮುಂಚೆ ಇಲ್ಲಿ ಹತ್ತಿಸಿ, ತಮ್ಮ ತಮ್ಮ ಊರು ಎಲ್ಲಿದೆ, ನೀರು ಎಲ್ಲಿಗೆ ಬರುತ್ತದೆ, ಓಡಬೇಕಾದ ಎತ್ತರ ಯಾವುದು ಎಂದು ತೋರಿಸಬೇಕು. ಭೂಗೋಳದ ಇಂಥ ಪಾಠ ಯಾವ ಪುಸ್ತಕದಲ್ಲೂ ಸಿಗದು.

ಆನೆಗೊಂದಿಯ ದಂಡೆಗೆ ಇಳಿದರೆ ಹರಿಗೋಲುಗಳು ಬೋರಲು ಬಿದ್ದಿರುತ್ತವೆ. ಕೆಲವರು ತೆಪ್ಪ ಎನ್ನುತ್ತಾರೆ, ಕೆಲವರು ಪುಟ್ಟಿ. 1520ರ ಸುಮಾರಿಗೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಇವನ್ನು ಕಂಡು ಬರೆದಿದ್ದಾನೆ. ಬುಟ್ಟಿಯಂತೆ ದುಂಡಗೆ ಹೆಣೆದು ಹೊರಗೆ ತೊಗಲು ಹೊದಿಸಿದ ದೋಣಿಗಳು, ಹದಿನೈದು-ಇಪ್ಪತ್ತು ಜನರನ್ನು ಹೊರುತ್ತವೆ, ಬೇಕಾದರೆ ಕುದುರೆ, ಎತ್ತುಗಳನ್ನೂ ದಾಟಿಸುತ್ತವೆ, ಸುತ್ತುತ್ತಲೇ ಸಾಗುತ್ತವೆ ಎಂಬುದು ಅವನ ವರ್ಣನೆಯ ಸಾರ. ತೊಗಲಿನ ಜಾಗಕ್ಕೆ ಈಗ ಪ್ಲಾಸ್ಟಿಕ್ ಹಾಳೆ, ಡಾಂಬರು ಬಂದಿವೆ. ಸುತ್ತುವುದು ಮಾತ್ರ ಹಾಗೇ ಇದೆ. ಹುಟ್ಟು ಹಾಕುವವರು ಜನರನ್ನು ಕೂರಿಸುವ ರೀತಿ ಗಮನಿಸಿ. ದಪ್ಪಗಿರುವವರನ್ನು ಒಂದೇ ಬದಿಗೆ ಬಿಡುವುದಿಲ್ಲ. ‘ನೀವು ಈ ಕಡೆ ಬರ್ರಿ, ಅವ್ವಾರ ನಡುವ ಕುಂದರ್ರಿ’ ಎಂದು ತೂಕವನ್ನು ಸುತ್ತ ಹಂಚುತ್ತಾರೆ. ತಕ್ಕಡಿ ಅವರ ಕಣ್ಣಿನಲ್ಲೇ ಇದೆ. ಹೊಳೆ ಏರಿದಾಗ ಅಧಿಕಾರಿಗಳು ಹರಿಗೋಲು ಹಾಕದಂತೆ ತಡೆಯುತ್ತಾರೆ. ಆದರೂ ನೀರು ಎಲ್ಲಿ ಸುಳಿಯುತ್ತದೆ, ಯಾವ ಬಂಡೆ ಎಷ್ಟು ಆಳದಲ್ಲಿದೆ ಎಂದು ಹೊರಗಿನ ರಕ್ಷಣಾ ತಂಡಕ್ಕೆ ಹೇಳಬಲ್ಲವರು ಇವರೇ. ಪ್ರತಿ ತಂಡದ ಜೊತೆ ಊರಿನ ಹರಿಗೋಲಿನವರೊಬ್ಬರು ಇರಲೇಬೇಕೆಂದು ಜಿಲ್ಲಾಡಳಿತ ಬರೆದಿಡಬೇಕು, ಅವರಿಗೆ ಸಂಭಾವನೆಯನ್ನೂ ವಿಮೆಯನ್ನೂ ಕೊಡಬೇಕು.

ಇಲ್ಲಿಯ ಜನ ಹೊಳೆಯನ್ನು ಅಳೆಯುವುದು ಕ್ಯೂಸೆಕ್ಕಿನಲ್ಲಲ್ಲ. ನವವೃಂದಾವನ ಗಡ್ಡೆಗೆ ದೋಣಿ ನಿಂತಿತೇ? ಅರವತ್ತನಾಲ್ಕು ಕಂಬದ ಮಂಟಪದಲ್ಲಿ ಎಷ್ಟು ಕಂಬ ಕಾಣುತ್ತಿದೆ? ಆಚೆ ಹಂಪಿಯಲ್ಲಿ ಪುರಂದರ ಮಂಟಪ ಮುಳುಗಿತೇ? ಕಂಪ್ಲಿ ಸೇತುವೆಯ ಮೇಲೆ ಬಸ್ಸು ಬಿಡುತ್ತಿದ್ದಾರಾ? ಈ ನಾಲ್ಕು ಪ್ರಶ್ನೆಗೆ ಉತ್ತರ ಸಿಕ್ಕರೆ ಚೀಲ ಕಟ್ಟಬೇಕೋ ಬೇಡವೋ ಎಂದು ಮನೆಯ ಹಿರಿಯರು ತೀರ್ಮಾನಿಸುತ್ತಾರೆ. ವ್ಯಾಸರಾಜರ ವೃಂದಾವನವೂ ಸೇರಿ ಒಂಬತ್ತು ಯತಿಗಳ ವೃಂದಾವನಗಳಿರುವ ನಡುಗಡ್ಡೆ, ಕೃಷ್ಣದೇವರಾಯನ ಸಮಾಧಿಯೆಂದು ಊರವರು ನಂಬುವ ಮಂಟಪ, ಪುರಂದರದಾಸರ ಹೆಸರಿನ ಮಂಟಪ. ಯಾತ್ರಿಕರಿಗೆ ಇವು ಪುಣ್ಯಸ್ಥಳ. ಹೊಳೆಸಾಲಿನವರಿಗೆ ಅದರ ಜೊತೆಗೆ ಅಳತೆಗಲ್ಲು. ಬೆಂಗಳೂರಿನಲ್ಲಿ ಕೂತು ಮುನ್ನೆಚ್ಚರಿಕೆಯ ಸಂದೇಶ ಬರೆಯುವವರು ‘ಇಷ್ಟು ಕ್ಯೂಸೆಕ್’ ಎನ್ನುವುದರ ಜೊತೆ ‘ಮಂಟಪದ ಸೂರಿನ ಮಟ್ಟ’ ಎಂದೂ ಸೇರಿಸಿದರೆ ಅಜ್ಜಿಗೂ ತಿಳಿಯುತ್ತದೆ.

ದಂಡೆಯ ಮಾತಿನಲ್ಲಿ ಒಂದು ತಪ್ಪು ನಂಬಿಕೆಯನ್ನು ಕೇಳುತ್ತಿರುತ್ತೇನೆ: ಮೈ ಭಾರ ಇದ್ದವರನ್ನು ನೀರು ಸೆಳೆಯುವುದಿಲ್ಲ ಎಂದು. ಪಾದ ಮುಳುಗುವಷ್ಟು ನೀರಿನಲ್ಲಿ ಅದು ಒಂದಿಷ್ಟು ನಿಜ. ನೀರು ಸೊಂಟ ದಾಟಿ ಎದೆಗೆ ಬರುತ್ತಿದ್ದಂತೆ ಮೈ ತೇಲತೊಡಗುತ್ತದೆ, ಪಾದಕ್ಕೆ ನೆಲದ ಹಿಡಿತ ತಪ್ಪುತ್ತದೆ. ದಪ್ಪ ಮೈಗಾದರೆ ಪ್ರವಾಹ ತಾಗುವ ಜಾಗವೂ ಹೆಚ್ಚು. ಹರಿವಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಬಲ ನಾಲ್ಕು ಪಟ್ಟಾಗುತ್ತದೆ. ಒಂದು ಗೇಣಿನಷ್ಟೂ ಇಲ್ಲದ, ಸುಮಾರು 15 ಸೆಂಟಿಮೀಟರ್ ಆಳದ ರಭಸದ ನೀರು ನಿಂತ ಮನುಷ್ಯನನ್ನು ಕೆಡವಬಲ್ಲದು; ಎರಡು ಅಡಿ ನೀರು ಕಾರನ್ನೇ ಒಯ್ಯುತ್ತದೆ. ಆದ್ದರಿಂದ ಗಟ್ಟಿ ಮೈ ಇರುವುದು ನೀರಿಗೆ ಇಳಿಯಲಿಕ್ಕಲ್ಲ, ನೀರು ಬರುವ ಮುಂಚೆ ಹತ್ತು ಸಲ ಓಣಿ ಹತ್ತಿ ಇಳಿಯಲಿಕ್ಕೆ. ನೆರೆಯಲ್ಲಿ ನೆರವಿನ ಮುಕ್ಕಾಲು ಪಾಲು ಒಣನೆಲದ ಮೇಲೆಯೇ ನಡೆಯುತ್ತದೆ: ಹೊರುವುದು, ಎತ್ತುವುದು, ಮೆಟ್ಟಿಲು ಹತ್ತುವುದು, ರಾತ್ರಿಯಿಡೀ ಎಚ್ಚರ ಇರುವುದು, ಆಮೇಲೆ ಕೆಸರು ಬಳಿಯುವುದು.

2019ರ ಅದೇ ಆಗಸ್ಟಿನಲ್ಲಿ ನಮ್ಮ ನೆರೆಯ ರಾಯಚೂರು ಜಿಲ್ಲೆಯಲ್ಲಿ, ದೇವದುರ್ಗ ತಾಲ್ಲೂಕಿನ ಹಿರೇರಾಯನಕುಂಪಿಯ 12 ವರ್ಷದ ಹುಡುಗನೊಬ್ಬ ಕೃಷ್ಣೆಯ ನೀರಿನಲ್ಲಿ ಮುಳುಗಿದ್ದ ಸೇತುವೆಯ ಮೇಲೆ ಸೊಂಟಮಟ್ಟದ ನೀರಿನಲ್ಲಿ ಮುಂದೆ ಮುಂದೆ ನಡೆದು, ಆಂಬುಲೆನ್ಸಿಗೆ ದಾರಿ ತೋರಿಸಿದ. ನಾಡೆಲ್ಲ ಆ ವಿಡಿಯೊ ನೋಡಿತು. ಹುಡುಗನಿಗೆ ರಾಷ್ಟ್ರೀಯ ಶೌರ್ಯ ಪ್ರಶಸ್ತಿ ಬಂತು. ಅವನ ಧೈರ್ಯಕ್ಕೆ ನಾನೂ ತಲೆಬಾಗುತ್ತೇನೆ. ಆದರೆ ಮಗುವೊಂದು ಹಾಗೆ ನಡೆಯಬೇಕಾದ ಗತಿ ದೊಡ್ಡವರು ತಂದಿಡಬಾರದು. ಅದಕ್ಕೂ ಹಿಂದಿನ ವರ್ಷ, 2018ರ ಕೇರಳದ ನೆರೆಯಲ್ಲಿ, ಮಲಪ್ಪುರಂ ಜಿಲ್ಲೆಯಲ್ಲಿ ಮೀನುಗಾರನೊಬ್ಬ ನೀರಿನಲ್ಲಿ ಬಾಗಿ, ಹೆಂಗಸರು ದೋಣಿ ಹತ್ತಲು ತನ್ನ ಬೆನ್ನನ್ನೇ ಮೆಟ್ಟಿಲಾಗಿ ಕೊಟ್ಟಿದ್ದ. 1995ರಲ್ಲಿ ಜಪಾನಿನ ಕೋಬೆ ಭೂಕಂಪದಲ್ಲಿ ಅವಶೇಷಗಳಡಿಯಿಂದ ಹೊರತೆಗೆದವರ ಲೆಕ್ಕ ಹಾಕಿದಾಗ, ನಾಲ್ವರಲ್ಲಿ ಮೂವರನ್ನು ತೆಗೆದವರು ಅಕ್ಕಪಕ್ಕದವರು, ಮನೆಯವರೇ ಎಂದು ಕಂಡುಬಂತು. ಸರ್ಕಾರದ ತಂಡ ಎಷ್ಟೇ ಚುರುಕಾಗಿದ್ದರೂ ಮೊದಲ ಗಂಟೆಗಳಲ್ಲಿ ಇರುವುದು ಪಕ್ಕದ ಮನೆಯವರ ಕೈ ಮಾತ್ರ.

ಗಂಗಾವತಿಯಿಂದ ಕಂಪ್ಲಿಗೆ ಹೋಗುವ ದಾರಿಯಲ್ಲಿ ಚಿಕ್ಕಜಂತಕಲ್ ದಾಟಿದರೆ ಸೇತುವೆ. ನೀರು ಹೆಚ್ಚಿದಾಗ ಇದರ ಮೇಲೆ ಹರಿಯುತ್ತದೆ, ಬ್ಯಾರಿಕೇಡ್ ಬೀಳುತ್ತದೆ. ಕಂಪ್ಲಿಗೆ ಹೋಗಬೇಕಾದವರು ಕಡೆಬಾಗಿಲು–ಬುಕ್ಕಸಾಗರ ಸೇತುವೆಯ ಕಡೆ ಸುತ್ತು ಹಾಕುತ್ತಾರೆ. ಆಚೆ ಕಂಪ್ಲಿ ಕೋಟೆಯ ಮೀನುಗಾರರ ಮನೆಗಳಿಗೆ ನೀರು ನುಗ್ಗುವುದು ಮಳೆಗಾಲದ ಸುದ್ದಿಗಳಲ್ಲಿ ಹಳೆಯದಾಗಿಬಿಟ್ಟಿದೆ. ಹಾಗಾಗಬಾರದಿತ್ತು.

ಹೊಳೆ ಬಿಟ್ಟು ಕನಕಗಿರಿ, ತಾವರಗೇರಾದ ಮೇಲೆ ಕುಷ್ಟಗಿಗೆ ಬಂದರೆ ನೆಲವೇ ಬೇರೆ. ಭತ್ತ ಹೋಗಿ ಸಜ್ಜೆ, ಜೋಳ, ಶೇಂಗಾ, ತೊಗರಿ. ಕುಷ್ಟಗಿ, ಯಲಬುರ್ಗಾದ ಜನ ಬರ ಬಲ್ಲವರು. 2017ರಲ್ಲಿ ಯಲಬುರ್ಗಾ ತಾಲ್ಲೂಕಿನ ತಲ್ಲೂರು ಕೆರೆಯ ಹೂಳನ್ನು ನಟ ಯಶ್ ಅವರ ಯಶೋಮಾರ್ಗ ಸಂಸ್ಥೆ ತೆಗೆಸಿತು; 2019ರಲ್ಲಿ ಕುಷ್ಟಗಿಯ ನಿಡಶೇಸಿ ಕೆರೆಯನ್ನು ಜನರೇ ಸೇರಿ ಹೂಳೆತ್ತಿದರು; ಅದೇ ವರ್ಷ ಕೊಪ್ಪಳದ ಗವಿಸಿದ್ಧೇಶ್ವರ ಸ್ವಾಮೀಜಿ ಹಿರೇಹಳ್ಳಕ್ಕೆ ತಾವೇ ಇಳಿದು, ಜನರನ್ನೂ ಇಳಿಸಿ, ಕಸ-ಜಾಲಿ ತೆಗೆಸಿ ಹಳ್ಳ ಹರಿಯುವಂತೆ ಮಾಡಿದರು. ಬರಕ್ಕೆಂದು ಮಾಡಿದ ಈ ಕೆಲಸ ನೆರೆಗೂ ಆಯಿತು. ಬಾಯಿ ಕಟ್ಟಿದ ಹಳ್ಳವೇ ಊರೊಳಗೆ ನುಗ್ಗುವುದು.

ಒಣಸೀಮೆಯಲ್ಲಿ ನೆರೆಯೇನು ಎಂದು ಕೇಳುವವರು ಯಲಬುರ್ಗಾ ತಾಲ್ಲೂಕಿನ ಸಂಕನೂರಿಗೆ ಹೋಗಬೇಕು. 2022ರ ಮಳೆಗಾಲದ ಕೊನೆಯಲ್ಲಿ, ಕೆಲಸ ಮುಗಿಸಿ ಮನೆಗೆ ಮರಳುತ್ತಿದ್ದ ನಾಲ್ವರು ಹೆಂಗಸರು ಅಲ್ಲಿ ತುಂಬಿ ಬಂದ ಹಳ್ಳದಲ್ಲಿ ಕೊಚ್ಚಿಹೋಗಿ ಜೀವ ಕಳೆದುಕೊಂಡರು. ಹೊಳೆಗೆ ಗೇಟಿದೆ, ಮೈಕಿದೆ, ಎಚ್ಚರಿಕೆ ಇದೆ. ಹಳ್ಳಕ್ಕೆ ಯಾವುದೂ ಇಲ್ಲ. ಮೇಲೆಲ್ಲೋ ಮಳೆ ಬಿದ್ದರೆ ಇಲ್ಲಿ ಒಮ್ಮೆಗೇ ಬರುತ್ತದೆ. ಆ ತಾಯಂದಿರಿಗೆ ಬೇಕಿದ್ದದ್ದು ಒಂದು ಎತ್ತರದ ಸೇತುವೆ, ಇಲ್ಲವೇ ಆ ರಾತ್ರಿ ಈಚೆ ದಂಡೆಯಲ್ಲಿ ‘ಇವತ್ತ ನಮ್ಮನ್ಯಾಗ ಇರ್ರಿ, ಮುಂಜಾನೆ ಹೋಗೀರಂತ’ ಎನ್ನುವ ಒಂದು ಬಾಗಿಲು.

ಈ ಸೀಮೆಯ ನೆರವು ರೊಟ್ಟಿಯಲ್ಲಿ ಬರುತ್ತದೆ. ಕೊಪ್ಪಳದ ಗವಿಮಠದ ಜಾತ್ರೆಗೆ ಹಳ್ಳಿಹಳ್ಳಿಗಳಿಂದ ಲಕ್ಷಗಟ್ಟಲೆ ಜೋಳದ ರೊಟ್ಟಿ ಟ್ರ್ಯಾಕ್ಟರಿನಲ್ಲಿ ಬರುವುದನ್ನು ಕಂಡವರಿಗೆ ಇದು ಹೊಸದಲ್ಲ. ಒಣಗಿಸಿದ ಕಟಕ್ ರೊಟ್ಟಿ ವಾರಗಟ್ಟಲೆ ಕೆಡುವುದಿಲ್ಲ. ಜೊತೆಗೆ ಶೇಂಗಾ ಚಟ್ನಿ ಪುಡಿ, ಕೆಂಪು ಖಾರ. ಒಲೆ ನೀರಲ್ಲಿ ಮುಳುಗಿದ ಮನೆಗೆ ಇದಕ್ಕಿಂತ ಒಳ್ಳೆಯ ಊಟವಿಲ್ಲ. ನನ್ನ ತೂಕ ಇಳಿಸಿದ ರೊಟ್ಟಿಯೂ ಇದೇ.

ಕೊಪ್ಪಳಕ್ಕೆ ಮರಳಿ ಈ ನಡಿಗೆ ಮುಗಿಸಿದಾಗ ಮುಂದಿನ ಮುಂಗಾರಿಗೆ ಇನ್ನೂ ತಿಂಗಳುಗಳಿದ್ದವು. ಹೊಳೆ, ಹಳ್ಳದ ದಂಡೆಯಲ್ಲಿರುವ ಓದುಗರಲ್ಲಿ ನನ್ನ ವಿನಂತಿ ಇಷ್ಟು. ಈ ವಾರವೇ ನಿಮ್ಮ ಓಣಿಯಲ್ಲಿ ತಾವಾಗಿ ನಡೆಯಲಾಗದವರು ಯಾರು, ಬಸುರಿ-ಬಾಣಂತಿಯರು ಯಾರು, ಅವರನ್ನು ಎತ್ತಬಲ್ಲ ನಾಲ್ವರು ಯಾರು ಎಂದು ಬರೆದು ಗೋಡೆಗೆ ಅಂಟಿಸಿ. ಆ ನಾಲ್ವರಲ್ಲಿ ನಿಮ್ಮ ಹೆಸರು ಬರೆಯಲು ಮೈ ಒಪ್ಪದಿದ್ದರೆ, ವೈದ್ಯರನ್ನು ಕೇಳಿ ನಾಳೆ ಬೆಳಿಗ್ಗೆಯಿಂದ ಕಾಲುವೆ ಏರಿಯ ಮೇಲೆ ನಡೆಯಲು ಹೊರಡಿ. ನೀರು ಬಂದಾಗ ಜಿಲ್ಲೆಯ ವಿಪತ್ತು ಸಹಾಯವಾಣಿ 1077, ತುರ್ತು ಕರೆಗೆ 112.